ಅಕ್ಕನ ಬಾಯಲ್ಲಿ ಉಳಿದ ಒಂದೇ ಮಾತು

ಆಗ ಬ್ರಿಸ್ಬೇನಿನ ಲ್ಯಾಬೊಂದರಲ್ಲಿ ನನಗೆ ಕೆಲಸ. ಪಾರ್ಶ್ವವಾಯು ಹೊಡೆದು ತೀರಿಕೊಂಡವರ ಮನೆಯವರು ದಾನ ಕೊಟ್ಟ ಮಿದುಳಿನ ಚಿಕ್ಕ ಚೂರುಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಅರೆದು, ಯಾವ ಪ್ರೋಟೀನು ಹೆಚ್ಚಿದೆ, ಯಾವುದು ಕಡಿಮೆಯಾಗಿದೆ ಎಂದು ನೋಡುತ್ತಿದ್ದೆವು. ರಕ್ತ ನಿಂತುಹೋದ ಜಾಗದಲ್ಲಿ ಜೀವಕೋಶದ ಚೌಕಟ್ಟನ್ನು ಹಿಡಿದಿಟ್ಟ ಪ್ರೋಟೀನುಗಳು ಒಡೆದುಹೋಗಿರುತ್ತವೆ. ಸುತ್ತಲಿನ ಅಂಚಿನಲ್ಲಿ ಮಾತ್ರ ಬೇರೆ ಕೆಲವು ಏರಿರುತ್ತವೆ, ಉಳಿದದ್ದನ್ನು ಕಾಪಾಡಿಕೊಳ್ಳಲು. ಆ ಅಂಚಿನ ಬಗ್ಗೆ ಮಾತಾಡಲು ನಿಂತರೆ ನನಗೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ.

ಅಕ್ಕನಿಗೆ ಸ್ಟ್ರೋಕ್ ಆಯಿತೆಂದು ಭಾವ ಅಡಿಲೇಡಿನಿಂದ ಫೋನ್ ಮಾಡಿದಾಗ ನಮ್ಮ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದೆ. ಅಕ್ಕ ಅಲ್ಲಿನ ಮಾಡ್ಬರಿಯಲ್ಲಿ ಮಕ್ಕಳ ಡಾಕ್ಟರು, ಐವತ್ತೊಂದು ವರ್ಷ, ಮಾತಿನ ಮಲ್ಲಿ. ಮರುದಿನ ನಾನು ತಲುಪುವಷ್ಟರಲ್ಲಿ ಅವಳ ಬಲಗೈಯಲ್ಲಿ ಸ್ವಾಧೀನವಿರಲಿಲ್ಲ. ಬಾಯಲ್ಲಿ ಉಳಿದಿದ್ದು ಒಂದೇ ಪದ: “ಬೇಡ.”

ನೀರು ಬೇಕಾ ಎಂದರೆ “ಬೇಡ” ಎಂದು, ಕುಡಿಯಲು ಬಾಯಿ ತೆರೆಯುತ್ತಿದ್ದಳು. ಮಗಳು ಹಣೆ ಸವರಿದರೆ “ಬೇಡ, ಬೇಡ” ಎನ್ನುತ್ತಲೇ ಅವಳ ಕೈ ಬಿಡುತ್ತಿರಲಿಲ್ಲ. ಕನ್ನಡ ಕೇಳಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅದು. “ಚಿಕ್ಕಿ, ಶೀ ಕೀಪ್ಸ್ ಸೇಯಿಂಗ್ ನೋ ಟು ಮಿ,” ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತಳು.

ಭಾವ ನನ್ನನ್ನು ಪಕ್ಕಕ್ಕೆ ಕರೆದರು. “ನೀನು ದಿನಾ ಇದನ್ನೇ ನೋಡ್ತೀಯಲ್ಲಮ್ಮ. ಮಾತು ವಾಪಸ್ ಬರುತ್ತಾ, ಹೇಳ್ಬಿಡು.”

“ಬರುತ್ತೆ ಭಾವ,” ಎಂದೆ. ನಾನು ನೋಡಿದ್ದೆಲ್ಲ ಸತ್ತವರ ಮಿದುಳು. ಬದುಕಿ ಉಳಿದವರಿಗೆ ಮುಂದೇನಾಗುತ್ತದೋ ನನಗೆ ಗೊತ್ತಿರಲಿಲ್ಲ.

ಮಾತು ಬರಲಿಲ್ಲ. ಮಾತು ಕಲಿಸುವವರು ವಾರವಾರ ಮನೆಗೆ ಬಂದು ಚಿತ್ರ ತೋರಿಸುತ್ತಿದ್ದರು. ಹಸುವಿಗೂ ಬೇಡ, ಮನೆಗೂ ಬೇಡ. ಮುಂದಿನ ಚಳಿಗಾಲದಲ್ಲಿ ನಾನು ಹೋಗಿದ್ದಾಗ ಒಂದು ಮಧ್ಯಾಹ್ನ ಇಬ್ಬರೇ ಹಿತ್ತಲ ಬಿಸಿಲಲ್ಲಿ ಕೂತಿದ್ದೆವು. ಯಾಕೆ ಕೇಳಿದೆನೋ ಕಾಣೆ.

“ಅಕ್ಕ, ನಾಳೆ ಏನಾದ್ರೂ ಆದ್ರೆ, ನಮ್ಮಂಥ ಲ್ಯಾಬಿಗೆ ನಿನ್ನ ಮಿದುಳು ಕೊಡೋಣ್ವಾ?”

ನನ್ನನ್ನೇ ನೋಡಿದಳು. “ಬೇಡ,” ಎಂದಳು. ಎಡಗೈಯಿಂದ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಎರಡು ತಿಂಗಳಿಗೆ ಮತ್ತೊಂದು ಸ್ಟ್ರೋಕ್ ಆಯಿತು. ಈ ಸಲ ನಾನು ತಲುಪಿದಾಗ ಅಕ್ಕ ಕಣ್ಣು ಬಿಡಲಿಲ್ಲ. ಇನ್ನು ಆಸೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಭಾವ ನನ್ನ ಹತ್ತಿರ ಬಂದು ಕೂತರು.

“ಬ್ರೇನ್ ಡೊನೇಟ್ ಮಾಡ್ತೀರಾ ಅಂತ ಕೇಳ್ತಿದಾರೆ. ನಿನ್ ಹತ್ರ ಯಾವತ್ತಾದ್ರೂ ಏನಾದ್ರೂ ಅಂದಿದ್ಲಾ?”

“ಕೇಳಿದ್ದೆ ಭಾವ. ಬೇಡ ಅಂದ್ಲು.”

ಅವರು ನನ್ನ ಮುಖ ನೋಡಿದರು. ಅಕ್ಕನ ಆ ಪದಕ್ಕೆ ಅರ್ಥ ಹಚ್ಚಲಾಗದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು. “ಸರಿ, ಹಾಗೇ ಹೇಳ್ತೀನಿ,” ಎಂದು ಎದ್ದುಹೋದರು.

ಅವಳ ಇಷ್ಟವನ್ನು ನಡೆಸಿಕೊಟ್ಟೆನೋ, ನನ್ನ ಹೆದರಿಕೆಗೆ ಅವಳ ಮಾತನ್ನು ಅಡ್ಡ ಹಿಡಿದೆನೋ ಇವತ್ತಿಗೂ ತಿಳಿಯದು. ಆ ಹೊತ್ತು ನನ್ನ ಕಣ್ಣ ಮುಂದಿದ್ದುದು ಐಸಿನಲ್ಲಿಟ್ಟ ಒಂದು ಪುಟ್ಟ ಟ್ಯೂಬು, ಅದರ ಚೀಟಿಯಲ್ಲಿ “ಹೆಂಗಸು, ಐವತ್ತೆರಡು” ಎಂದಷ್ಟೇ.

ಅಕ್ಕನ ಕ್ರಿಯಾಕರ್ಮ ಮುಗಿಸಿ ಕೆಲಸಕ್ಕೆ ಮರಳಿದ ವಾರ ಹೊಸ ಚೂರುಗಳು ಬಂದವು. ಅರೆಯುವಾಗ ಎರಡನ್ನು ಹಾಳುಮಾಡಿದೆ. ಯಾರದೋ ಮನೆಯವರು ಅಳುತ್ತ ಸಹಿ ಹಾಕಿ ಕೊಟ್ಟದ್ದು. ಆ ವರ್ಷವೇ ಲ್ಯಾಬ್ ಬಿಟ್ಟೆ. ಭಾವ ಕಾರಣ ಕೇಳಲಿಲ್ಲ.