ಅಪ್ಪನ ಗಾಡಿಗೆ ಟರ್ಬೊ ಕೂರಿಸಿದ್ದು

ಸೊಲ್ಲಾಪುರದ ನಮ್ಮ ಮನೆಯ ಹಿಂದೆ ಒಂದು ತಗಡಿನ ಕೋಣೆಯಿದೆ. ಅಪ್ಪ ಆ ಮನೆ ಕೊಳ್ಳುವ ಮೊದಲು ಅಲ್ಲಿ ಎರಡು ಮಗ್ಗಗಳು ನಡೆಯುತ್ತಿದ್ದವಂತೆ. ಮಗ್ಗ ಕಳಚಿ ಒಯ್ದವರು ನೆಲದಲ್ಲಿ ಹೂತ ಬೋಲ್ಟುಗಳನ್ನು ಹಾಗೇ ಬಿಟ್ಟು ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ಅವರ ಮೋಟಾರ್ ಸೈಕಲ್ ಆ ಬೋಲ್ಟುಗಳ ನಡುವೆ ಹಳೆಯ ಚಾದರ ಹೊದ್ದುಕೊಂಡು ಹತ್ತು ವರ್ಷ ನಿಂತಿತ್ತು. ಇನ್ನೂರೈವತ್ತು ಸಿಸಿಯ ಟೂ-ಸ್ಟ್ರೋಕ್ ಗಾಡಿ. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಲಿವರು. ಅಪ್ಪ ಅದರ ಮೇಲೆ ದಿನಾ ಅಕ್ಕಲಕೋಟೆಯ ತಮ್ಮ ಕಚೇರಿಗೆ ಹೋಗಿ ಬರುತ್ತಿದ್ದರು.

ನಾನೂ ಅಪ್ಪನ ಹಾಗೆ ಗುಮಾಸ್ತನೇ, ಒಂದು ಕಾಲೇಜಿನ ಕಚೇರಿಯಲ್ಲಿ. ವಾರವಿಡೀ ಪರೀಕ್ಷೆಯ ಫಾರ್ಮು ತಿದ್ದುವವನಿಗೆ ರವಿವಾರ ನಟ್ಟು ತಿರುವುವ ಪಾನಾ ಹಿಡಿದರೆ ಕೈಗೆ ಜೀವ ಬಂದ ಹಾಗಾಗುತ್ತದೆ. ಮೂರು ವರ್ಷದ ಹಿಂದೆ ಒಂದು ರವಿವಾರ ಚಾದರ ತೆಗೆದೆ. ಎಂಜಿನ್ ಬಿಚ್ಚಿ, ತೊಳೆದು, ಹೊಸ ಪಿಸ್ಟನ್ ಹಾಕಿ, ದೀಪಾವಳಿಯ ಹೊತ್ತಿಗೆ ಗಾಡಿಯನ್ನು ಮತ್ತೆ ಮಾತಾಡುವಂತೆ ಮಾಡಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಬಿಡದವರು ಲೇಥ್ ಅಂಗಡಿಯ ಮಿಸ್ತ್ರಿ.

ಮಿಸ್ತ್ರಿಗೆ ಎಪ್ಪತ್ತರ ಹತ್ತಿರ. ದಿನಾ ಕುಂಭಾರಿಯಿಂದ ಬಸ್ಸಿಗೆ ಬಂದು ಅಂಗಡಿ ತೆರೆಯುತ್ತಾರೆ. ಅರ್ಧ ಆಯುಷ್ಯ ಮಗ್ಗದ ಬಿಡಿಭಾಗ ಮಾಡಿದ ಕೈ ಅವರದು. ನಾನು ಗಾಡಿಗೆ ಒಂದು ಬುಶ್, ಎಂದರೆ ಲೋಹದ ಸಣ್ಣ ಬಳೆ, ಮಾಡಿಸಲು ಹೋದಾಗ ಅವರ ಮೇಜಿನ ಮೇಲೆ ಬಸವನಹುಳುವಿನ ಆಕಾರದ ಒಂದು ವಸ್ತು ಇತ್ತು. ಗುಜರಿಗೆ ಹೋದ ಸಣ್ಣ ಡೀಸೆಲ್ ಕಾರಿನ ಟರ್ಬೊ ಅಂದರು. ಅದರ ಬಾಯಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಊದಿದೆ. ಒಳಗಿನ ಪುಟ್ಟ ಚಕ್ರ ಸದ್ದೇ ಇಲ್ಲದೆ ತಿರುಗತೊಡಗಿತು. ನಾನು ಊದುವುದು ನಿಲ್ಲಿಸಿದ ಮೇಲೂ ತಿರುಗುತ್ತಲೇ ಇತ್ತು. ಬುಶ್ ಮರೆತು ಟರ್ಬೊ ಹಿಡಿದುಕೊಂಡು ಮನೆಗೆ ಬಂದೆ.

ಟರ್ಬೊ ಎಂದರೆ ಹೆಚ್ಚೇನಿಲ್ಲ. ಒಂದೇ ಕಡ್ಡಿಗೆ ಎರಡು ಚಕ್ರ. ಎಂಜಿನ್ನು ಬಿಡುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿದು ಗಾಡಿಗೆ ಬಲ ಬರುತ್ತದೆ. ಆದರೆ ಟೂ-ಸ್ಟ್ರೋಕಿನಲ್ಲಿ ಗಾಳಿ ಬರುವ ಬಾಗಿಲೂ ಹೊಗೆ ಹೋಗುವ ಬಾಗಿಲೂ ಒಂದು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಅಪ್ಪನ ಗಾಡಿಗೆ ಅದನ್ನು ಕೂರಿಸುವ ಆಸೆಯನ್ನು ಮಿಸ್ತ್ರಿಗೆ ಹೇಳಿದಾಗ ಅವರು ಇದನ್ನೇ ಎತ್ತಿ ತೋರಿಸಿದರು.

“ಸಾಹೇಬ್ರ, ಇದು ತೂತಿನ ಕೊಡಕ್ಕ ನೀರ ತುಂಬಿಸಿದಂಗ ಆತು. ಈ ಕಡಿಯಿಂದ ತುಂಬೂದು, ಆ ಕಡಿಯಿಂದ ಹೋಗೂದು.”

ಹಾಗೆಂದವರು ಮೂರು ದಿನ ಬಿಟ್ಟು ತಾವೇ ಫೋನ್ ಮಾಡಿ ಗಾಡಿ ಯಾವಾಗ ತರುತ್ತೀರಿ ಎಂದು ಕೇಳಿದರು. ಅವರಿಗೂ ನಿದ್ದೆ ಬಂದಿರಲಿಲ್ಲವೆಂದು ಕಾಣುತ್ತದೆ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳು ಬೇಡ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದಳು, ಇದು ಸಿಡಿಯುತ್ತದೆಯೋ ಎಂದು. ಒತ್ತಡ ಮಿತಿಯಲ್ಲಿದ್ದರೆ ಇಲ್ಲ ಅಂದೆ. ಹಾಗಾದರೆ ಮನೆಯಿಂದ ಹತ್ತು ಹೆಜ್ಜೆ ದೂರ ಚಾಲೂ ಮಾಡಿ ಎಂದು ಹೇಳಿ, ಒಂದು ಬಕೆಟ್ ಮರಳು ತರಿಸಿ ತಗಡಿನ ಕೋಣೆಯ ಬಾಗಿಲಲ್ಲಿ ಇಡಿಸಿದಳು.

ಎರಡು ಸೈಲೆನ್ಸರಿನ ಕೊಳವೆಗಳನ್ನು ಕೂಡಿಸಿ ಒಂದು ಮಾಡುವುದಕ್ಕೆ ನಾಲ್ಕು ರವಿವಾರ ಹೋದವು. ಆಮೇಲೆ ಸಿಲಿಂಡರಿನ ತಲೆಯ ಪ್ರಶ್ನೆ ಬಂತು. ಎಂಜಿನ್ನು ತಾನೇ ಗಾಳಿಯನ್ನು ಒತ್ತುತ್ತದೆ. ಅದರ ಮೇಲೆ ಟರ್ಬೊ ಇನ್ನಷ್ಟು ಒತ್ತಿದರೆ ಪಿಸ್ಟನ್ನಿಗೆ ತೂತು ಬೀಳುತ್ತದೆ. ಸಿಲಿಂಡರಿಗೂ ಅದರ ತಲೆಗೂ ನಡುವೆ ದಪ್ಪನೆಯ ತಾಮ್ರದ ಬಳೆ ಇಟ್ಟು ಒಳಗೆ ಜಾಗ ಹೆಚ್ಚಿಸಬೇಕು ಎಂದು ಮಿಸ್ತ್ರಿ ಹೇಳಿದರು. ಅಂಥ ತಾಮ್ರದ ಹಾಳೆ ಸೊಲ್ಲಾಪುರದಲ್ಲಿ ಹುಡುಕಿದೆ. ಸಿಕ್ಕಿದ್ದೆಲ್ಲ ಒಂದೋ ತೆಳು, ಇಲ್ಲವೇ ಮಿಶ್ರ. ಒಂದು ಸಂಜೆ ಹೆಂಡತಿ ಮಾಳಿಗೆಯಿಂದ ನನ್ನನ್ನು ಕರೆದಳು. ಹೋಗಿ ನೋಡಿದರೆ ಅವಳು ನಮ್ಮ ಹಳೆಯ ಬಂಬಿನ ಪಕ್ಕ ನಿಂತಿದ್ದಳು. ನಾನು ಚಿಕ್ಕವನಿದ್ದಾಗ ಸ್ನಾನದ ನೀರು ಕಾಯಿಸುತ್ತಿದ್ದ ತಾಮ್ರದ ಬಂಬು, ತಳ ಸೋರಿ ಮೂಲೆಗೆ ಬಿದ್ದಿತ್ತು. ಅವಳು ಬೆರಳಿನಿಂದ ಅದನ್ನು ಬಡಿದು, “ಇದರಂಥಾ ಪಕ್ಕಾ ತಾಂಬಾ ನಿಮಗ ಎಲ್ಲಿ ಸಿಗ್ತದ್ರಿ?” ಅಂದಳು.

ಬಂಬಿನ ಹೊಟ್ಟೆ ಕತ್ತರಿಸಿ ಮಿಸ್ತ್ರಿ ಎರಡು ಬಳೆ ಮಾಡಿಕೊಟ್ಟರು. ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಸರಿಯಾಗಿ ಕೂರುತ್ತದೆ. ಆ ಕೆಲಸ ಹೆಂಡತಿಯೇ ಮಾಡಿದಳು. ಗ್ಯಾಸಿನ ಒಲೆಯ ಮೇಲೆ, ರೊಟ್ಟಿ ಸುಡುವ ಇಕ್ಕಳದಲ್ಲಿ ಹಿಡಿದು, ರೊಟ್ಟಿಯ ಹಾಗೆಯೇ ತಿರುಗಿಸುತ್ತ ತಿರುಗಿಸುತ್ತ ಕಾಯಿಸಿ ನೀರಿನ ಬಕೆಟ್ಟಿಗೆ ಬಿಟ್ಟಳು. ಚುಂಯ್ ಎಂದ ಕೂಡಲೇ ಇಬ್ಬರೂ ನಕ್ಕೆವು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಸೇರಿ ಮಾಡಿದ ಅಡುಗೆ ಬಹುಶಃ ಅದೊಂದೇ.

ಉಳಿದದ್ದು ಎಣ್ಣೆಯ ವ್ಯವಸ್ಥೆ. ಟರ್ಬೊದ ಕಡ್ಡಿ ತಿರುಗುವ ವೇಗಕ್ಕೆ ಅದಕ್ಕೆ ಎಡೆಬಿಡದೆ ಎಣ್ಣೆ ಬೇಕು. ಕಾರಿನ ಎಂಜಿನ್ನಿನಲ್ಲಿ ಎಣ್ಣೆ ತುಂಬಿರುತ್ತದೆ; ಟೂ-ಸ್ಟ್ರೋಕಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಅಷ್ಟೇ. ಹಾಗಾಗಿ ನಾನು ಕಚೇರಿಗೆ ಒಯ್ಯುತ್ತಿದ್ದ ಸ್ಟೀಲಿನ ಊಟದ ಡಬ್ಬಿಯನ್ನೇ ಎಣ್ಣೆಯ ಟಾಕಿ ಮಾಡಿ ಸೀಟಿನ ಕೆಳಗೆ ಕಟ್ಟಿದೆ. ಒಂದು ಪುಟ್ಟ ಪಂಪು ಅಲ್ಲಿಂದ ಎಣ್ಣೆ ಎತ್ತಿ ಟರ್ಬೊಗೆ ಕೊಡುತ್ತದೆ, ಇನ್ನೊಂದು ಪೈಪಿನಿಂದ ಎಣ್ಣೆ ಡಬ್ಬಿಗೆ ಮರಳುತ್ತದೆ. ಪೈಪುಗಳನ್ನು ಚೌಕಟ್ಟಿನ ಗುಂಟ ಅಂದವಾಗಿ ಬಾಗಿಸಿ ಕಟ್ಟಿದ್ದಕ್ಕೆ ನನಗೆ ಬಹಳ ಹೆಮ್ಮೆಯಿತ್ತು.

ಜನವರಿಯ ಒಂದು ರವಿವಾರ ಬೆಳಿಗ್ಗೆ, ಮಿಸ್ತ್ರಿ ಮತ್ತು ಹೆಂಡತಿ ನೋಡುತ್ತಿರುವಂತೆ, ಅಂಗಳದಲ್ಲಿ ಕಿಕ್ ಹೊಡೆದೆ. ಮೂರನೆಯ ಕಿಕ್ಕಿಗೆ ಗಾಡಿ ಎದ್ದಿತು. ಒಂದು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಹಿಂದಿನಿಂದ ಬಿಳಿಯ ಹೊಗೆ ಬರತೊಡಗಿತು. ಅದು ಅಂಗಳ ತುಂಬಿ, ಗೋಡೆ ಹಾರಿ, ಇಡೀ ಓಣಿ ತುಂಬಿತು. ಎದುರು ಮನೆಯ ವೈನಿ ಸೊಳ್ಳೆಯ ಹೊಗೆ ಬಿಡುವ ಮಶೀನು ಬಂದಿದೆ ಅಂದುಕೊಂಡು ಅಂಗಳದಲ್ಲಿ ಹಳೆಯ ಸೀರೆಯ ಮೇಲೆ ಒಣಹಾಕಿದ್ದ ಹಪ್ಪಳವನ್ನು ಸೀರೆ ಸಮೇತ ಒಳಗೆ ಎಳೆದುಕೊಂಡರು. ಹಿಂದೆಯೇ ಇನ್ನಿಬ್ಬರು ಬಂದು ಅಕ್ಕಿ ಒಣಹಾಕಿದ್ದೇವೆ, ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಕೇಳಿದರು. ನಾನು ಕ್ಷಮೆ ಕೇಳಿ ಗಾಡಿ ಬಂದ್ ಮಾಡಿದೆ.

ಟೂ-ಸ್ಟ್ರೋಕ್ ಗಾಡಿ ಹೊಗೆ ಬಿಡುವುದು ಸಹಜ. ಇಷ್ಟು ಬಿಡುವುದು ಸಹಜವಲ್ಲ. ಟರ್ಬೊದ ಒಳಗಿನಿಂದ ಎಣ್ಣೆ ಸೋರಿ ಬಿಸಿ ಕೊಳವೆಗೆ ಬೀಳುತ್ತಿದೆ ಎಂಬುದು ಸ್ಪಷ್ಟವಿತ್ತು. ಎಣ್ಣೆ ತಡೆಯುವ ಸೀಲು ಹೋಗಿದೆ ಅಂದರು ಮಿಸ್ತ್ರಿ. ಟರ್ಬೊ ಬಿಚ್ಚಿ ಹೊಸ ಸೀಲು ಹಾಕಿದೆವು, ಮತ್ತೆ ಅದೇ ಹೊಗೆ. ಪಂಪಿನ ಜೋರು ಕಡಿಮೆ ಮಾಡಿದೆವು, ಹೊಗೆ ಸ್ವಲ್ಪ ಕಡಿಮೆಯಾಗಿ ಮತ್ತೆ ಬಂತು. ಒಂದು ತಿಂಗಳು ಹೀಗೇ ಹೋಯಿತು. ಓಣಿಯವರು ಈಗ ರವಿವಾರ ಬೆಳಿಗ್ಗೆ ಮೊದಲು ನನ್ನ ಬಾಗಿಲು ನೋಡಿ ಆಮೇಲೆ ಬಟ್ಟೆ ಒಣಹಾಕುತ್ತಿದ್ದರು.

ಆಗ ಅಕ್ಕ ಕನ್ನಡಕ ಮಾಡಿಸಲು ಊರಿಗೆ ಬಂದಳು. ನನಗಿಂತ ಏಳು ವರ್ಷ ದೊಡ್ಡವಳು. ವಾಗದರಿಯ ರೈತರ ಮನೆಗೆ ಕೊಟ್ಟು ಮೂವತ್ತೈದು ವರ್ಷವಾಯಿತು. ಅಲ್ಲಿ ಬಾವಿ, ಪಂಪು, ಕಬ್ಬಿಗೆ ನೀರು ಕಟ್ಟುವುದು ಎಲ್ಲ ಅವಳ ಉಸ್ತುವಾರಿ. ಹೊಸ ಕನ್ನಡಕ ಹಾಕಿಕೊಂಡೇ ತಗಡಿನ ಕೋಣೆಗೆ ಬಂದು, ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ನಾನು ಎಲ್ಲ ವಿವರಿಸಿದೆ. ಅವಳು ಅರ್ಧ ಕೇಳಿದಳು. ಉಳಿದರ್ಧ ಹೊತ್ತು ಕೂತು ಪೈಪುಗಳನ್ನು ನೋಡುತ್ತಿದ್ದಳು. ಕೊನೆಗೆ ಟರ್ಬೊದಿಂದ ಡಬ್ಬಿಗೆ ಮರಳುವ ಪೈಪಿನ ಮೇಲೆ ಬೆರಳಿಟ್ಟು, ಅದು ಎಲ್ಲಿ ಬಾಗುತ್ತದೋ ಅಲ್ಲಿಯವರೆಗೆ ಎಳೆದಳು.

“ಇದು ಇಲ್ಲಿ ಮ್ಯಾಲ ಏರಿ ಮತ್ತ ಇಳಿದೈತಲ್ಲೋ?”

ಚೌಕಟ್ಟಿನ ಮೇಲಿಂದ ಹಾಯಿಸಿದ್ದೇನೆ, ನೋಡಲು ಚಂದ ಕಾಣಲಿ ಎಂದು ಹೇಳಿದೆ.

“ಕಾಲಿವಿ ಏರಿಗೆ ತೆಗೆದ್ರ ನೀರ ಹೊಲಕ್ಕ ಹೋಗೂದಿಲ್ಲ, ಹಿಂದ ನಿಂತು ಒಡ್ಡ ಒಡೀತೈತಿ. ನೀರಿಗೆ ಬುದ್ಧಿ ಇರೂದಿಲ್ಲ ತಮ್ಮಾ, ಇಳಿಜಾರ ಇರಬೇಕು. ಎಣ್ಣಿಗೂ ಅಷ್ಟ.”

ನಾನು ಅವಳ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟೆ. ಟರ್ಬೊದಿಂದ ಹೊರಬಂದ ಎಣ್ಣೆಗೆ ತಳ್ಳುವ ಬಲವಿರುವುದಿಲ್ಲ, ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಏರು ಸಿಕ್ಕಾಗ ಅದು ಹಿಂದಕ್ಕೆ ನಿಂತು ಸೀಲಿನಿಂದ ಸೋರುತ್ತಿತ್ತು. ಒಂದು ತಿಂಗಳು ನಾವಿಬ್ಬರು ಗಂಡಸರು ಬಿಚ್ಚಿ ಕಟ್ಟಿದ್ದನ್ನು ಅವಳು ಒಂದು ಬೆರಳಿನಲ್ಲಿ ತೋರಿಸಿದ್ದಳು. ಫೋನಿನಲ್ಲಿ ಮಿಸ್ತ್ರಿಗೆ ಹೇಳಿದಾಗ ಅವರು, “ಬರೋಬರ್ ಐತ್ರಿ, ಅಕ್ಕಾರಿಗೆ ನಮಸ್ಕಾರ ಹೇಳ್ರಿ” ಅಂದರು.

ಟರ್ಬೊವನ್ನು ಒಂದು ಗೇಣು ಮೇಲೆ ಎತ್ತಿ, ಡಬ್ಬಿಯನ್ನು ಕೆಳಗೆ ಇಳಿಸಿ, ದಪ್ಪನೆಯ ಪೈಪನ್ನು ನೇರವಾಗಿ ಇಳಿಜಾರಿಗೆ ಹಾಕಿದೆ. ಈಗ ಗಾಡಿ ಮೊದಲಿಗಿಂತ ಕುರೂಪವಾಗಿ ಕಾಣುತ್ತಿತ್ತು. ಚಾಲೂ ಮಾಡಿದರೆ ತೆಳ್ಳನೆಯ ನೀಲಿ ಹೊಗೆ, ಅಷ್ಟೇ.

ಇಂಥ ಗಾಡಿಯನ್ನು ಸರಕಾರಿ ರಸ್ತೆಯ ಮೇಲೆ ಓಡಿಸುವ ಹಾಗಿಲ್ಲ. ಅಕ್ಕನ ಹೊಲದಲ್ಲಿ ತೊಗರಿ ಕೊಯ್ಲಾಗಿ, ಮನೆಯಿಂದ ಬಾವಿಯವರೆಗೆ ನೇರವಾದ ಬಂಡಿದಾರಿ ಖಾಲಿ ಬಿದ್ದಿತ್ತು. ಫೆಬ್ರುವರಿಯ ಕೊನೆಯ ರವಿವಾರ ಗಾಡಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಹೊರಟೆವು. ಕುಂಭಾರಿಯಲ್ಲಿ ಮಿಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಸ್ತೆಯ ಬದಿಗೆ ಕಾಯುತ್ತಿದ್ದರು, ಮದುವೆಗೆ ಹೊರಟವರ ಹಾಗೆ. ಅಕ್ಕಲಕೋಟೆಯಲ್ಲಿ ಟೆಂಪೊ ನಿಲ್ಲಿಸಿ ಹೆಂಡತಿ ತೆಂಗಿನಕಾಯಿ ಕೊಂಡಳು. ಕಾಯಿ ಒಡೆದಿದ್ದು ಮಾತ್ರ ವಾಗದರಿಯಲ್ಲಿ, ಗಾಡಿಯ ಮುಂದಿನ ಗಾಲಿಗೆ.

ಅಕ್ಕನ ಗಂಡ, ನಮ್ಮ ಮಾಮಾ, ಮಾತು ಕಡಿಮೆಯ ಮನುಷ್ಯ. ಅವರು ಎರಡು ಕೊಡ ನೀರು ತುಂಬಿಸಿಟ್ಟುಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದರು. ಬೆಂಕಿ ಹತ್ತಿದರೆ ಇರಲಿ ಎಂದು.

ಹೆಲ್ಮೆಟ್ ಹಾಕಿಕೊಂಡು ಹೊರಟೆ. ಮೊದಲ ಗೇರು, ಎರಡನೆಯ ಗೇರು, ಅಪ್ಪನ ಅದೇ ಹಳೆಯ ಗಾಡಿ, ಅದೇ ಟಪಟಪ. ಇಷ್ಟೆಲ್ಲ ಮಾಡಿದ್ದು ಇದಕ್ಕೇನಾ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಲೇ ಮೂರನೆಯ ಗೇರು ಹಾಕಿ ಎಕ್ಸಲರೇಟರ್ ತಿರುವಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೊಣಕಾಲಿನ ಪಕ್ಕದಲ್ಲಿ ಸಣ್ಣನೆಯ ಶಿಳ್ಳೆ ಎದ್ದಿತು. ಶಿಳ್ಳೆ ಏರುತ್ತ ಏರುತ್ತ ಹೋಗಿ, ಯಾರೋ ಹಿಂದಿನಿಂದ ಎರಡೂ ಕೈ ಹಚ್ಚಿ ದೂಡಿದ ಹಾಗೆ ಗಾಡಿ ಮುಂದಕ್ಕೆ ಹಾರಿತು. ತೊಗರಿಯ ಕೂಳೆಗಳು ಗೆರೆಗಳಾದವು. ಬಾವಿ ನೋಡನೋಡುತ್ತ ಹತ್ತಿರ ಬಂತು. ಬ್ರೇಕ್ ಹಿಡಿದು ನಿಂತಾಗ ನಾನು ಒಬ್ಬನೇ ಜೋರಾಗಿ ನಗುತ್ತಿದ್ದೆ, ಹೆಲ್ಮೆಟ್ಟಿನೊಳಗೆ ಆ ನಗು ನನಗೇ ಬೇರೆಯವರದೆಂಬಂತೆ ಕೇಳಿತು. ಕಣ್ಣುಗಳು ಒದ್ದೆಯಾಗಿದ್ದವು. ಗಾಳಿಗೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಮರಳಿ ಬಂದಾಗ ಮಿಸ್ತ್ರಿ ಎಂಜಿನ್ನಿಗೆ ಕಿವಿಗೊಟ್ಟು ತಲೆಯಾಡಿಸಿದರು. ತೂತಿನ ಕೊಡ ತುಂಬಿತು ನೋಡಿ ಎಂದು ನಾನು ಚೇಷ್ಟೆ ಮಾಡಿದ್ದಕ್ಕೆ, ತಾವು ಹಾಗೆ ಅಂದೇ ಇಲ್ಲವೆಂದರು. ಹೆಂಡತಿ ತಾಮ್ರದ ಬಳೆಯ ಸುತ್ತ ಎಲ್ಲಾದರೂ ಸೋರಿದೆಯೇ ಎಂದು ಬಗ್ಗಿ ನೋಡಿದಳು. ಒಂದು ಹನಿಯೂ ಇರಲಿಲ್ಲ.

ಆಗ ಅಕ್ಕ ಸೆರಗು ಸೊಂಟಕ್ಕೆ ಬಿಗಿದು, ಸೀರೆಯನ್ನು ಕಚ್ಚೆ ಹಾಕಿಕೊಂಡು ಬಂದಳು. ನನ್ನ ತಲೆಯ ಮೇಲಿನ ಹೆಲ್ಮೆಟ್ಟಿಗೆ ಕೈ ಚಾಚಿದಳು.

“ನಿನಗ ಬರ್ತೈತೇನು ಅಕ್ಕಾ?” ಎಂದೆ.

“ನೀ ಇನ್ನೂ ಸೈಕಲ್ ಮ್ಯಾಲ ಬೀಳತಿದ್ದಿ, ಆವಾಗ ಅಪ್ಪ ಹೋಟಗಿ ಹಾದಿ ಮ್ಯಾಲ ನನಗ ಇದನ್ನ ಕಲಿಸ್ಯಾನ. ಲಗ್ನ ಆಗೂತನಕ ಯಾರಿಗೂ ಹೇಳಬ್ಯಾಡ ಅಂದಿದ್ದ. ಆಮ್ಯಾಲ ಹೇಳಾಕ ಮರತ ಹೋತು.”

ಅಪ್ಪ ನನಗೆ ಆ ಗಾಡಿ ಮುಟ್ಟಲು ಬಿಟ್ಟಿದ್ದು ನಾನು ನೌಕರಿ ಹಿಡಿದ ಮೇಲೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಲ್ಮೆಟ್ ಬಿಚ್ಚಿ ಅವಳ ತಲೆಗೆ ನಾನೇ ಹಾಕಿ ಪಟ್ಟಿ ಬಿಗಿದೆ. ಕಿಕ್ ಹೊಡೆದ ಲಿವರನ್ನೇ ಒಳಕ್ಕೆ ಒತ್ತಿ ಗೇರಿಗೆ ತಿರುಗಿಸಿಕೊಳ್ಳುವ ಚಳಕ ಅವಳ ಕಾಲಿಗೆ ನೆನಪಿತ್ತು. ಒಂದು ಸಲವೂ ಕೆಳಗೆ ನೋಡದೆ ಹೊರಟಳು. ಮೆಲ್ಲಗೆ ಹೋದಳು, ಬಾವಿಯ ಹತ್ತಿರ ಅಗಲವಾಗಿ ತಿರುಗಿದಳು. ಬರುವಾಗ ಶಿಳ್ಳೆ ಕೇಳಿಸಿತು.

ಮಾಮಾ ಕೈಯಲ್ಲಿದ್ದ ಕೊಡ ಕೆಳಗಿಟ್ಟಿದ್ದರು. ಮೂವತ್ತೈದು ವರ್ಷ ಸಂತೆಗೂ ದವಾಖಾನೆಗೂ ಅಕ್ಕನನ್ನು ತಮ್ಮ ಗಾಡಿಯ ಹಿಂದೆ ಕೂರಿಸಿಕೊಂಡು ಒಯ್ದವರು ಅವರು. ಅಕ್ಕ ಬಂದು ಅವರೆದುರು ನಿಂತಳು, ಗಾಡಿ ಬಂದ್ ಮಾಡಲಿಲ್ಲ. ಮಾಮಾ ಸ್ವಲ್ಪ ಹೊತ್ತು ಗಾಡಿಯನ್ನು ನೋಡಿದರು, ಸ್ವಲ್ಪ ಹೊತ್ತು ಅವಳನ್ನು ನೋಡಿದರು. ಆಮೇಲೆ ಧೋತರ ಎತ್ತಿ ಕಟ್ಟಿ, ತಲೆಯ ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಮಿಸ್ತ್ರಿಯ ಹೆಗಲು ಹಿಡಿದುಕೊಂಡು ಹಿಂದಿನ ಸೀಟಿಗೆ ಹತ್ತಿದರು.

“ಸಾವಕಾಶ ಹೊಡಿ” ಅಂದರು.

ಅವಳು ಸಾವಕಾಶ ಹೊಡೆಯಲಿಲ್ಲ. ಮಾಮಾ ಎರಡೂ ಕೈಯಿಂದ ಅವಳ ಸೊಂಟ ಹಿಡಿದುಕೊಂಡಿದ್ದು ದೂರದಿಂದಲೂ ಕಾಣುತ್ತಿತ್ತು. ನನ್ನ ಹೆಂಡತಿ ನಗುತ್ತ ನಗುತ್ತ ಬೇವಿನ ಗಿಡಕ್ಕೆ ಒರಗಿ ಕೂತಳು. ಅವರಿಬ್ಬರೂ ಬಾವಿ ಸುತ್ತಿ ಬಂದರು, ನಿಲ್ಲದೆ ನಮ್ಮ ಮುಂದೆಯೇ ಹಾದು ಇನ್ನೊಂದು ಸುತ್ತಿಗೆ ಹೋದರು.