ಇದನ್ನು ಪ್ರೇಮಕಥೆ ಎಂದು ಕೊಟ್ಟರು

ದಿಲ್ಲಿ ಮೆಟ್ರೋದಲ್ಲಿ ಕೂತು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ದ್ವಾರಕಾದಿಂದ ಬಾರಾಖಂಬಾಕ್ಕೆ ಹೋಗುವ ಬೆಳಗಿನ ಗಾಡಿ. ಎಲ್ಲರೂ ಆಫೀಸಿನ ಮುಖ ಹೊತ್ತು ಕೂತಿದ್ದರು. ಪಕ್ಕದ ಸರ್ದಾರ್‌ಜಿ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, "ಜೋಕ್ಸ್ ಕೀ ಕಿತಾಬ್ ಹೈ, ಬೆಹನ್‌ಜಿ?" ಎಂದು ಕೇಳಿದರು.

"ನಹೀಂ ಭಾಯಿ ಸಾಹಬ್, ಲವ್ ಸ್ಟೋರಿ ಹೈ" ಎಂದೆ.

ಅವರು ಸ್ವಲ್ಪ ಆಚೆ ಸರಿದು ಕೂತರು.

ಪುಸ್ತಕ ಕೊಟ್ಟವಳು ಸ್ಮಿತಾ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೇ, ನಮಗಿಂತ ಎರಡು ಮಹಡಿ ಮೇಲೆ, ಇಬ್ಬರು ಗೆಳತಿಯರ ಜೊತೆ ಬಾಡಿಗೆಗಿರುವ ದಾವಣಗೆರೆಯ ಹುಡುಗಿ. ಗುಡಗಾಂವ್‌ನ ಐಟಿ ಕಂಪನಿಯಲ್ಲಿ ಕೆಲಸ. ಆರು ತಿಂಗಳ ಹಿಂದೆ ನಿಶ್ಚಿತಾರ್ಥವಾಗಿತ್ತು. ಹುಡುಗ ಪ್ರಶಾಂತ್ ಅದೇ ಊರಿನವನು, ಈಗ ನೋಯ್ಡಾದಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ತಿಂಡಿಗೆ ಬರುವ ಸ್ಮಿತಾ, "ಆಂಟಿ, ಇದು ಡಾರ್ಕ್ ರೊಮ್ಯಾನ್ಸ್. ಶುರು ಮಾಡಿದ್ರೆ ಕೆಳಗಿಡಲ್ಲ ನೀವು" ಎಂದು ಪುಸ್ತಕವನ್ನು ಕೈಗಿಟ್ಟಿದ್ದಳು.

ಪ್ರೇಮಕಥೆಗಳ ಬಗ್ಗೆ ನನಗೆ ಯಾವ ಮಡಿವಂತಿಕೆಯೂ ಇಲ್ಲ. ಪಿಯುಸಿಯಲ್ಲಿ ಕೆಮಿಸ್ಟ್ರಿ ಪುಸ್ತಕದೊಳಗೆ ಕಾದಂಬರಿ ಇಟ್ಟು ಓದಿದವಳು ನಾನು. (ಕೆಮಿಸ್ಟ್ರಿ ಅಂಕ ಕೇಳಬೇಡಿ.) ಡಾರ್ಕ್ ಎಂದಾಗ ಆಸೆಯೇ ಆಯಿತು. ಮನುಷ್ಯರ ಒಳಗಿನ ಕತ್ತಲೆಯನ್ನು ಧೈರ್ಯವಾಗಿ ನೋಡುವ ಪ್ರೇಮಕಥೆ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಸಿಕ್ಕಿದ್ದೇನು? ಹೀರೋಗೆ ಬೆಟ್ಟದ ಮೇಲೊಂದು ಬಂಗಲೆ, ಕೆನ್ನೆಯ ಮೇಲೊಂದು ಗಾಯದ ಗುರುತು, ಮತ್ತು ಒಂದು ದವಡೆ. ದವಡೆ ಎಲ್ಲರಿಗೂ ಇರುತ್ತದೆ, ಒಪ್ಪಿದೆ. ಆದರೆ ಇವನ ದವಡೆ ಎರಡು ಪುಟಕ್ಕೊಮ್ಮೆ ಬಿಗಿಯುತ್ತದೆ. ಸಿಟ್ಟು ಬಂದರೂ ಬಿಗಿಯುತ್ತದೆ, ಪ್ರೀತಿ ಉಕ್ಕಿದರೂ ಬಿಗಿಯುತ್ತದೆ, ಕಾಫಿ ಕುಡಿಯುವಾಗಲೂ ಬಿಗಿಯುತ್ತದೆ. ಇವನನ್ನು ಮೊದಲು ಯಾರಾದರೂ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಬಾರದೇ ಎಂದು ಯೋಚಿಸಿಯೇ ನಾನು ಮೆಟ್ರೋದಲ್ಲಿ ನಕ್ಕದ್ದು.

ಈ ದವಡೆಯವನು ಹೀರೋಯಿನ್ನನ್ನು ಹೊತ್ತೊಯ್ದು ಬಂಗಲೆಯಲ್ಲಿ ಕೂಡಿಹಾಕುತ್ತಾನೆ. ಯಾಕೆ? ಪ್ರೀತಿಗೆ. ಅವಳಿಗೆ ಬಂದ ಪತ್ರ ಹರಿಯುತ್ತಾನೆ, ಕೆಲಸ ಬಿಡಿಸುತ್ತಾನೆ, ಎದುರು ಮಾತಾಡಿದರೆ ಕೈ ತಿರುಚುತ್ತಾನೆ. ಯಾಕೆ? ಅದೂ ಪ್ರೀತಿಗೇ. ಆಕೆ ವೃತ್ತಿಯಲ್ಲಿ ವಕೀಲೆ. (ಹೀಗೆ ಕೂಡಿಹಾಕುವುದು ಅಪರಾಧ ಎಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಇವಳಿಗೆ ಗೊತ್ತಿರಬೇಕಿತ್ತು.) ಅಡುಗೆಮನೆಯ ಗೋಡೆಯಲ್ಲಿ ಟೆಲಿಫೋನ್ ಇದೆ ಎಂದು ಲೇಖಕಿಯೇ ಬರೆದಿದ್ದಾಳೆ. ವಕೀಲೆ ಅದರ ಪಕ್ಕದಲ್ಲೇ ನಿಂತು ಮೂರು ಅಧ್ಯಾಯ ಕಾಫಿ ಮಾಡುತ್ತಾಳೆ. ಒಂದು ಸಲವೂ ರಿಸೀವರ್ ಎತ್ತುವುದಿಲ್ಲ. ಕೊನೆಗೆ ಅವನನ್ನೇ ಮದುವೆಯಾಗುತ್ತಾಳೆ. ಚಿಕ್ಕಂದಿನಲ್ಲಿ ಅವನ ಅಮ್ಮ ಅವನನ್ನು ಬಿಟ್ಟುಹೋಗಿದ್ದಳಂತೆ, ಅದಕ್ಕೆ.

ಕತ್ತಲೆ ಎಂದು ಈ ಲೇಖಕಿ ಕರೆಯುವುದು ಒಬ್ಬ ಪುಂಡನ ದರ್ಪವನ್ನು. ಅಂಥವರು ದಿಲ್ಲಿಯ ಯಾವ ಬಸ್ಸಿನಲ್ಲಾದರೂ ಸಿಗುತ್ತಾರೆ. ಬೆಟ್ಟದ ಬಂಗಲೆ ಇರುವುದಿಲ್ಲ ಅಷ್ಟೇ.

ಮುಂದಿನ ಭಾನುವಾರ ಸ್ಮಿತಾ ಬಂದಳು. ಅವಳಿಗಿಷ್ಟವೆಂದು ಮಂಡಕ್ಕಿ ಒಗ್ಗರಣೆ ಮಾಡಿದ್ದೆ.

"ಹೇಗಿತ್ತು ಆಂಟಿ?"

"ಪೊಲೀಸ್ ಕಂಪ್ಲೇಂಟ್ ಓದಿದ ಹಾಗಿತ್ತು. ಕಂಪ್ಲೇಂಟ್ ಕೊಡೋರೇ ಇಲ್ಲ, ಅದೊಂದೇ ಕಡಿಮೆ."

ಅವಳ ಮುಖ ಸಣ್ಣಗಾಯಿತು. "ನಿಮಗೆ ಅರ್ಥ ಆಗಿಲ್ಲ ಬಿಡಿ. ಅವನಿಗೆ ಅವಳನ್ನ ಬಿಟ್ಟಿರೋಕಾಗಲ್ಲ. ಅಷ್ಟೊಂದು ಪ್ರೀತಿ ಮಾಡೋರು ಯಾರಿರ್ತಾರೆ ಆಂಟಿ?"

ಅಷ್ಟರಲ್ಲಿ ಅವಳ ಮೊಬೈಲ್ ಹೊಡೆದುಕೊಂಡಿತು. "ಆಂಟಿ ಮನೇಲಿದೀನಿ... ಹೌದು... ಇಲ್ಲ, ಅಂಕಲ್ ಮಾರ್ಕೆಟ್‌ಗೆ ಹೋಗಿದಾರೆ, ಬೇರೆ ಯಾರೂ ಇಲ್ಲ." ಆಮೇಲೆ ಫೋನನ್ನು ನನ್ನತ್ತ ಚಾಚಿದಳು. "ಪ್ರಶಾಂತ್. ನಿಮ್ಮ ಹತ್ರ ಒಂದ್ನಿಮಿಷ ಮಾತಾಡ್ಬೇಕಂತೆ."

ಬಹಳ ವಿನಯದ ದನಿ. "ನಮಸ್ತೆ ಆಂಟಿ. ಸ್ಮಿತಾ ಅಲ್ಲೇ ಇದಾಳಲ್ವಾ? ಸುಮ್ನೆ ಕನ್‌ಫರ್ಮ್ ಮಾಡ್ಕೊಂಡೆ."

"ಹೂಂ, ಇಲ್ಲೇ ಇದಾಳಪ್ಪ" ಎಂದೆ.

ಫೋನ್ ವಾಪಸ್ ಕೊಟ್ಟ ಮೇಲೆ ನಾನೇನು ಮಾಡಿದೆ ಎಂದು ಹೊಳೆಯಿತು. ಹಾಜರಿ ಒಪ್ಪಿಸಿದ್ದೆ. ವಕೀಲೆಯನ್ನು ನಾಲ್ಕು ದಿನ ಗೇಲಿ ಮಾಡಿದ ಮಹಾಬುದ್ಧಿವಂತೆ, ಫೋನ್ ನನ್ನ ಕೈಗೇ ಬಂದಾಗ ಜೈಲಿನ ವಾರ್ಡರ್ ಆಗಿದ್ದೆ.

"ದಿನಾ ಹೀಗೇನಾ?" ಎಂದು ಕೇಳಿದೆ.

"ಹೂಂ. ಕ್ಯಾಬ್ ಹತ್ತಿದ್ರೆ ಡ್ರೈವರ್ ಭಯ್ಯಾ ಹತ್ರ ಮಾತಾಡ್ತಾನೆ. ಆಫೀಸಲ್ಲಿ ಪಕ್ಕದ ಸೀಟಿನವಳ ಹತ್ರ." ಸ್ವಲ್ಪ ಹೊತ್ತು ಮಂಡಕ್ಕಿ ಕೆದಕಿದಳು. "ಮದುವೆ ಆದ್ಮೇಲೆ ಕೆಲಸ ಬಿಡು ಅಂದಿದಾನೆ. ಯಾಕೆ ಅಂದಿದ್ದಕ್ಕೆ ಹೋದ್ವಾರ ಕೈ ತಿರುಚಿದ. ಇನ್ನೂ ನೋಯ್ತಿದೆ. ಪ್ರೀತಿ ಜಾಸ್ತಿ ಆಂಟಿ ಅವನಿಗೆ, ಅಲ್ವಾ?"

ನನಗೆ ಉಪದೇಶ ಮಾಡಲು ಬರುವುದಿಲ್ಲ. ಸುಮ್ಮನೆ ಕೇಳಿದೆ. "ಪುಸ್ತಕದಲ್ಲಿ ಅವನು ಕೈ ತಿರುಚಿದಾಗ ನಿಂಗೆ ಏನನ್ನಿಸ್ತು?"

"ಚೆನ್ನಾಗಿತ್ತು."

"ಹೋದ್ವಾರ?"

ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಹೆದರಿಕೆ ಆಯ್ತು" ಎಂದಳು.

ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ. ತಿಂಡಿ ಪೂರ್ತಿ ತಿನ್ನದೆ ಎದ್ದುಹೋದಳು.

ಅದರ ಮುಂದಿನ ಭಾನುವಾರ ಮತ್ತೆ ಫೋನ್ ಬಂತು. ನಾನು ಕೈ ಚಾಚಲಿಲ್ಲ, ಅವಳೂ ಫೋನ್ ಕೊಡಲಿಲ್ಲ. "ಆಂಟಿಗೆ ಕೊಡಲ್ಲ ಪ್ರಶಾಂತ್. ನಾನು ಹೇಳ್ತಿದೀನಲ್ಲ, ಅಷ್ಟು ಸಾಕು" ಎಂದು ಸ್ವಿಚ್ ಆಫ್ ಮಾಡಿದಳು. ಒಂದೂವರೆ ಗಂಟೆಯೊಳಗೆ ಅವನು ನಮ್ಮ ಸೊಸೈಟಿಯ ಗೇಟಿನಲ್ಲಿದ್ದ. ಗಾರ್ಡ್ ಇಂಟರ್‌ಕಾಮ್‌ನಲ್ಲಿ ತಿಳಿಸಿದ, ಇಬ್ಬರೂ ಕೆಳಗಿಳಿದೆವು. ಗಾರ್ಡ್, ತರಕಾರಿ ಗಾಡಿಯ ಭಯ್ಯಾ, ವಾಕಿಂಗಿನ ರಿಟೈರ್ಡ್ ಅಧಿಕಾರಿಗಳು, ಎಲ್ಲರ ಎದುರೂ ಅವಳ ತೋಳು ಹಿಡಿದು, "ಈಗಲೇ ಬ್ಯಾಗ್ ತಗೊಂಡು ಬಾ. ಇನ್ಮೇಲೆ ಈ ಮನೇಲಿ ಇರೋದು ಬೇಡ" ಎಂದ. ಆ ವಿನಯದ ದನಿ ಎಲ್ಲಿ ಹೋಗಿತ್ತೋ.

ದವಡೆ ಬಿಗಿಯಿತೇ ಎಂದು ನಾನು ನೋಡಲಿಲ್ಲ. ಸ್ಮಿತಾಳನ್ನೇ ನೋಡುತ್ತಿದ್ದೆ. ಅವಳು ತೋಳು ಬಿಡಿಸಿಕೊಂಡು, ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು. "ನಿನ್ನ ಕಂಡ್ರೆ ನಂಗೆ ಹೆದರಿಕೆ. ಹೆದರಿಕೆ ಇಟ್ಕೊಂಡು ಮದುವೆ ಆಗಲ್ಲ" ಎಂದಳು. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟಾಗ ಗಾರ್ಡ್ ಅಡ್ಡ ಬಂದು, "ಚಲೋ ಸಾಹಬ್, ಚಲೋ" ಎಂದು ಅವನನ್ನು ಹೊರಗೆ ಕಳಿಸಿ ಗೇಟು ಹಾಕಿದ. ಮುನ್ನೂರು ಪುಟದ ಕಾದಂಬರಿಯಲ್ಲಿ ಯಾರಿಗೂ ಹೊಳೆಯದ ಕೆಲಸ.

ಕಥೆ ಇಲ್ಲಿಗೆ ಮುಗಿಯಿತೇ? ನಮ್ಮ ಜನರನ್ನು ನೀವು ಮರೆತಿರಿ. ಮೊನ್ನೆ ದಾವಣಗೆರೆಯಿಂದ ಸ್ಮಿತಾಳ ಅಮ್ಮನ ಫೋನ್.

"ಅಲ್ರೀ, ಅದ್ಯಾವ ಪುಸ್ತಕ ಓದ್ಸಿದ್ರಿ ನನ್ನ ಮಗಳಿಗೆ? ನಿಶ್ಚಿತಾರ್ಥ ಮುರ್ಕೊಂಡು ಕೂತಾಳೆ."

ಪುಸ್ತಕ ಓದಿಸಿದ್ದು ಅವಳೇ, ನಾನಲ್ಲ ಎಂದೆ. ಹುಡುಗ ಕೈ ತಿರುಚಿದ್ದನ್ನೂ ಹೇಳಿದೆ. ಅದಕ್ಕೆ ಆಕೆ, "ಸಿಟ್ಟು ಯಾವ ಗಂಡಸಿಗೆ ಬರಲ್ಲ ಹೇಳ್ರಿ. ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡ್ತಿದ್ದ ಅವ್ನು. ಅಷ್ಟು ಪ್ರೀತಿ" ಎಂದರು.

ಇಪ್ಪತ್ತು ಸಲ ಫೋನ್ ಮಾಡಿದವನು ಒಂದು ಸಲವಾದರೂ "ಊಟ ಆಯ್ತಾ" ಎಂದು ಕೇಳಿದ್ದನೇ?