ತಟ್ಟೆಯ ಅಂಚಿನ ಬೇಳೆ

ಕೆಟಲಿನಲ್ಲಿ ನಿಂಬೆಹಣ್ಣು ಕುದಿಸುತ್ತಿದ್ದೇನೆ. ಚಹಾಕ್ಕಲ್ಲ, ತಳಕ್ಕೆ ಕಟ್ಟಿದ ಸುಣ್ಣ ಬಿಡಲಿ ಅಂತ. ಶಿಕಾರಿಪುರದ ನಮ್ಮ ಬೀದಿಗೆ ಬರುವುದು ಬೋರಿನ ನೀರು. ತಿಂಗಳಿಗೊಮ್ಮೆ ಹೀಗೆ ಹುಳಿ ಹಾಕದಿದ್ದರೆ ಲೋಟದಲ್ಲಿ ಬಿಳಿ ಚಕ್ಕೆಗಳು ತೇಲುತ್ತವೆ. ಹುಳಿ ತಾಗಿದ ಕೂಡಲೇ ಸುಣ್ಣ ಸಣ್ಣಗೆ ಸದ್ದು ಮಾಡಿ ಗುಳ್ಳೆ ಬಿಡುತ್ತದೆ. ಕಾಲೇಜಿನಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಇದರಲ್ಲಿ ಬೆರಗೇನಿಲ್ಲ. ಆದರೂ ಪ್ರತಿ ಸಲ ಬಗ್ಗಿ ನೋಡುತ್ತೇನೆ. ಈ ಸಲ ನೋಡಿದಾಗ ಚಿಕ್ಕಮ್ಮ ನೆನಪಾದಳು. ಜೊತೆಗೆ, ನಾನು ನೆನಪು ಅಂದುಕೊಂಡದ್ದರಲ್ಲಿ ನಿಜವೆಷ್ಟು ಎಂಬ ಅನುಮಾನವೂ.

ನಮ್ಮ ಹಳೆಯ ಮನೆ ಇದ್ದದ್ದು ತೊಗರ್ಸಿ ಕಡೆಯ ಒಂದು ಹಳ್ಳಿಯಲ್ಲಿ. ನಾನು ಪಿಯುಸಿ ಓದುತ್ತಿದ್ದಾಗ ಚಿಕ್ಕಪ್ಪನ ಮದುವೆಯಾಯಿತು. ಚಿಕ್ಕಮ್ಮ ಸೊರಬ ತಾಲ್ಲೂಕಿನವಳು, ಚಂದ್ರಗುತ್ತಿ ಬೆಟ್ಟದ ಕೆಳಗಿನ ಊರಿನವಳು. ನನಗಿಂತ ಮೂರೇ ವರ್ಷ ದೊಡ್ಡವಳು. ಅದೇ ವರ್ಷ ಹಿತ್ತಿಲಿನಲ್ಲಿ ಬೋರು ಕೊರೆಸಿದರು. ನೀರು ಚಿಮ್ಮಿದ ದಿನ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಾಕಿದಳು. ಹಳೆ ಬಾವಿಯ ಗಡಗಡೆ ಬಿಚ್ಚಿ ಕೊಟ್ಟಿಗೆಯಲ್ಲಿಟ್ಟರು. ಅಷ್ಟು ವರ್ಷ ಬಾವಿ ನೀರಿನಲ್ಲಿ ಅಡುಗೆ ಮಾಡಿದ್ದ ಅಜ್ಜಿ, ಬೋರಿನ ನೀರು ಬಂದ ವಾರವೇ ಒಲೆಯನ್ನು ಹೊಸ ಸೊಸೆಗೆ ಬಿಟ್ಟುಕೊಟ್ಟಳು. ಎರಡೂ ಒಟ್ಟಿಗೆ ಆದದ್ದನ್ನು ಯಾರೂ ಜೋಡಿಸಿ ನೋಡಲಿಲ್ಲ.

ಆಮೇಲೆ ಆ ಮನೆಯಲ್ಲಿ ಬೇಳೆ ಬೇಯಲಿಲ್ಲ. ಎಷ್ಟು ಸೌದೆ ಉರಿಸಿದರೂ ತೊಗರಿ ಬೇಳೆ ಒಂದೊಂದೂ ಬಿಡಿಬಿಡಿಯಾಗಿ, ಹಲ್ಲಿಗೆ ಸಿಗುವಂತೆ ಉಳಿಯುತ್ತಿತ್ತು. ಅಜ್ಜಿ ಬೈಯುವವಳಲ್ಲ. ಊಟ ಮಾಡುತ್ತ ಬೇಯದ ಬೇಳೆಗಳನ್ನು ಬೆರಳಲ್ಲಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು, ಅಷ್ಟೆ. ತಟ್ಟೆ ಎತ್ತುವವಳು ಚಿಕ್ಕಮ್ಮ. ಹೇಳಬೇಕಾದ್ದು ಅವಳಿಗೆ ಅಲ್ಲೇ ತಲುಪುತ್ತಿತ್ತು. ಬಾಯಿ ಬಿಟ್ಟು ಅಂದದ್ದು ಯಾವಾಗಲೋ ಒಮ್ಮೆ, ಅದೂ ಅಕ್ಕಪಕ್ಕದವರು ಕೂತಿದ್ದಾಗ: “ಸೊರಬದಾಗೆ ಬ್ಯಾಳಿ ಹಸೀದೇ ತಿಂತಾರೇನೋ ಮತ್ತೆ.”

ಇಲ್ಲಿಂದ ಮುಂದಿನದು ನನ್ನ ಕಥೆ. ವರ್ಷ ವರ್ಷವೂ ಗಡಸು ನೀರಿನ ಪಾಠ ಬಂದಾಗ ತರಗತಿಯಲ್ಲಿ ಹೇಳುತ್ತಿದ್ದೆ. ರಜೆಗೆ ಊರಿಗೆ ಬಂದ ನಾನು ಔಷಧಿಯ ಎರಡು ಖಾಲಿ ಬಾಟಲಿ ತೆಗೆದುಕೊಂಡು ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಬೋರಿನ ನೀರು ತುಂಬಿದೆ. ಎರಡಕ್ಕೂ ಸೋಪು ತುರಿದು ಹಾಕಿ ಪಡಸಾಲೆಯಲ್ಲಿ ಎಲ್ಲರೆದುರು ಅಲ್ಲಾಡಿಸಿದೆ. ಬಾವಿ ನೀರಿನಲ್ಲಿ ಬಾಟಲಿಯ ಕುತ್ತಿಗೆವರೆಗೆ ನೊರೆ. ಬೋರಿನದರಲ್ಲಿ ಒಡೆದ ಹಾಲಿನಂಥ ಗಸಿ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದರೆ ಸೋಪು ನೊರೆಯಾಗುವುದಿಲ್ಲ, ಬೇಳೆಯೊಳಗಿನ ಅಂಟು ಬಿಗಿದುಕೊಂಡು ಬೇಯುವುದೂ ಇಲ್ಲ, ತಪ್ಪು ಚಿಕ್ಕಮ್ಮನದಲ್ಲ ಎಂದು ವಿವರಿಸಿದೆ. ಅಜ್ಜಿ ಕನ್ನಡಕದೊಳಗಿಂದ ಎರಡೂ ಬಾಟಲಿಗಳನ್ನು ನೋಡಿದಳು. ಮರುದಿನವೇ ಚಿಕ್ಕಪ್ಪ ಹಳೆ ಬಾವಿಗೆ ಮತ್ತೆ ಗಡಗಡೆ ಕಟ್ಟಿದ. ವಿಜ್ಞಾನ ಒಬ್ಬ ಹೆಣ್ಣುಮಗಳ ಮಾನ ಉಳಿಸಿತು ಎಂದು ಕಥೆ ಮುಗಿಸಿದರೆ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು. ಆ ಮೌನ ನನಗೆ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕಳೆದ ತಿಂಗಳು ಇಲ್ಲಿನ ಒಂದು ಹೈಸ್ಕೂಲಿನವರು ನೀರಿನ ಬಗ್ಗೆ ಮಾತಾಡಲು ಕರೆದರು. ಇದನ್ನೇ ಬರೆದುಕೊಳ್ಳತೊಡಗಿದೆ. ಕನ್ನಡಕ ಎಂಬ ಪದಕ್ಕೆ ಬಂದಾಗ ಪೆನ್ನು ನಿಂತಿತು. ಅಜ್ಜಿಗೆ ಕನ್ನಡಕ ಬಂದದ್ದು ಕಣ್ಣಿನ ಆಪರೇಷನ್ ಆದ ಮೇಲೆ. ಆಗ ನಾನು ಎಂಎಸ್ಸಿಯಲ್ಲಿದ್ದೆ. ಹಾಗಾದರೆ ಬೋರು ಕೊರೆಸಿ ನನ್ನ ಬಾಟಲಿಗಳು ಬರುವ ಹೊತ್ತಿಗೆ ನಾಲ್ಕೈದು ವರ್ಷವಾಗಿತ್ತು. ಅಷ್ಟು ವರ್ಷ ನಾನೆಲ್ಲಿದ್ದೆ? ಪಿಯುಸಿಯ ಎರಡು ವರ್ಷ ಆ ಮನೆಯಲ್ಲೇ ಇದ್ದೆ. ದಿನಾ ಅದೇ ಸಾರು ಉಂಡಿದ್ದೆ. ಅದರದ್ದೊಂದೂ ನೆನಪಿಲ್ಲ.

ಸುಮ್ಮನಿರಲಾಗದೆ ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಪ್ಪ ಈಗಿಲ್ಲ. ಮಗ ಸೊಸೆ ಗದ್ದೆಗೆ ಹೋಗಿದ್ದರು. ಅವಳು ಹಿತ್ತಿಲಿನಲ್ಲಿ ಮಲ್ಲಿಗೆ ಗಿಡಕ್ಕೆ ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ಹೆಂಚಿನಿಂದ ಇಳಿದ ಮಳೆ ನೀರಂತೆ. ಬೋರಿನ ನೀರು ಹಾಕಿದರೆ ಎಲೆ ಹಳದಿಯಾಗುತ್ತದೆ, ಕುಂಡದ ಮಣ್ಣಿನ ಮೇಲೆ ಉಪ್ಪೇಳುತ್ತದೆ, ತೆಂಗು ಬಾಳೆಯಾದರೆ ತಡೆದುಕೊಳ್ಳುತ್ತವೆ, ಇದಕ್ಕಾಗದು ಎಂದಳು. ಮಗ ಹಾಕಿಸಿದ ಡ್ರಿಪ್ ಪೈಪಿನ ತೂತುಗಳು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ಅವನ್ನು ಹುಳಿ ನೀರಿನಲ್ಲಿ ನೆನೆಹಾಕಿದ್ದಳು. ಇವೆಲ್ಲ ನನ್ನ ನೋಟ್ಸಿನಲ್ಲಿಯೂ ಇವೆ. ಅವಳು ನೋಟ್ಸು ಓದಿದವಳಲ್ಲ.

ಊಟಕ್ಕೆ ಕೂತಾಗ ಬಾಟಲಿಯ ಕಥೆ ಹೇಳಿ, ಇದು ಹೀಗೇ ಆಗಿತ್ತಲ್ಲವಾ ಎಂದು ಕೇಳಿದೆ.

“ಬಾಟ್ಲಿ ನಿಜ. ಆದ್ರೆ ಅದಕ್ಕೂ ಮುಂಚೆ ನಾನು ಬೇಯಿಸಿ ತೋರಿಸಿದ್ನಲ್ಲ, ಅದು ಬಿಟ್ಟೆ” ಎಂದಳು.

ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಹೋದಾಗ ನಮ್ಮ ಮನೆಯದೇ ಎರಡು ಹಿಡಿ ಬೇಳೆ ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳಂತೆ. ಅಲ್ಲಿ ನೀರು ಕುದಿಯುವುದೇ ತಡ, ಬೆಣ್ಣೆಯಂತೆ ಬೆಂದಿತು. ಬರುವಾಗ ತವರಿನ ಬಾವಿಯ ನೀರನ್ನು ಕ್ಯಾನಿನಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಒಂದೇ ಡಬ್ಬಿಯ ಬೇಳೆ, ಒಂದೇ ಒಲೆ, ಎರಡು ಪಾತ್ರೆ, ಎರಡು ನೀರು. ಅಜ್ಜಿಯೆದುರೇ ಬೇಯಿಸಿದಳು. ಅಜ್ಜಿ ಮೆತ್ತಗಾದ ಬೇಳೆಯನ್ನು ಹಿಸುಕಿ ನೋಡಿ, ನಿಮ್ಮೂರಿಂದ ಬ್ಯಾರೆ ಬ್ಯಾಳಿ ತಂದೀಯೇನು ಅಂದಳಂತೆ. ಹಳೆ ಬಾವಿಯಿಂದ ತಾನೇ ಸೇದಿಕೊಳ್ಳುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. ಹೊಸ ಸೊಸೆ ಹಗ್ಗ ಹಿಡಿದು ಪಾಳು ಬಾವಿ ಕಡೆ ಹೋದರೆ ನೋಡಿದವರು ಏನಂದುಕೊಂಡಾರು? ಕೊನೆಗೆ ಅವಳು ಬೋರಿನ ನೀರನ್ನೇ ಸಂಜೆ ಕುದಿಸಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ಬೆಳಿಗ್ಗೆ ಮೇಲಿನ ತಿಳಿಯಲ್ಲಿ ಬೇಳೆ ಹಾಕತೊಡಗಿದಳು. ಸ್ವಲ್ಪ ವಾಸಿಯಾಯಿತು. ಅಂಚಿನ ಸಾಲು ಗಿಡ್ಡವಾಯಿತು, ಹೋಗಲಿಲ್ಲ.

“ಮತ್ತೆ ನಾಕು ವರ್ಷ ಆದ್ಮೇಲೆ ನೀನು ಬಾಟ್ಲಿ ಅಲ್ಲಾಡಿಸ್ದೆ. ಒಂದೇ ಸಲಕ್ಕೆ ಎಲ್ರೂ ನಂಬಿದ್ರು” ಎಂದಳು. ಸಿಟ್ಟಿರಲಿಲ್ಲ. ಮಜ್ಜಿಗೆ ಬಡಿಸುತ್ತ ಹೇಳಿದಳು. ಆಮೇಲೆ, “ನಿನ್ನ ತಟ್ಟೆ ಅಂಚಲ್ಲೂ ಇರ್ತಿತ್ತು ಬೇಳೆ. ಅತ್ತೆಗಾದ್ರೆ ವಯಸ್ಸಾಗಿತ್ತು ಅನ್ಕೋತಿದ್ದೆ” ಎಂದಳು.

ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪಬಾರದು ಎಂದು ಕಲಿಸಿದವನು ನಾನು. ಅವಳ ನೆನಪೂ ನೆನಪೇ. ನೋವುಂಡವರು ಬೇರೆಯವರ ತಟ್ಟೆಗಳನ್ನೂ ಅದರಲ್ಲಿ ಸೇರಿಸಿಕೊಂಡಿರಬಹುದು. ಹಾಗಂತ ಹೇಳಲು ಬಾಯಿ ತೆರೆದೆ. ಕಣ್ಣು ಕೆಳಗೆ ಹೋಯಿತು. ಅಲಸಂದೆ ಕಾಳಿನ ಪಲ್ಯ ಬಡಿಸಿದ್ದಳು. ನನ್ನ ತಟ್ಟೆಯ ಅಂಚಿನಲ್ಲಿ, ಕರಿಬೇವಿನ ಪಕ್ಕ, ಸರಿಯಾಗಿ ಬೇಯದ ಮೂರು ಕಾಳು ಸಾಲಾಗಿ ಕೂತಿದ್ದವು. ಇಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಚಿಕ್ಕಮ್ಮನೂ ನೋಡಿದಳು. ಮೂರನ್ನೂ ಬೆರಳಿನಿಂದ ಒಳಗೆಳೆದು ಅನ್ನದೊಂದಿಗೆ ನುಂಗಿದೆ. ಅವಳಿಗೆ ಏನಾದರೂ ಹೇಳಬೇಕಿತ್ತು. ಹೊರಡುವಾಗ, ಆ ಶಾಲೆಗೆ ನೀವೂ ಬನ್ನಿ, ಆ ಎರಡು ಪಾತ್ರೆಯದನ್ನು ನೀವೇ ತೋರಿಸಿ ಅಂದೆ. ನೋಡೋಣ ಅಂದಳು.

ನಿನ್ನೆ ಅವಳೇ ಫೋನ್ ಮಾಡಿದಳು. “ಕುಕ್ಕರ್ ಇಡಬೇಡಿ ಅನ್ನು ಅವರಿಗೆ. ಕುಕ್ಕರಲ್ಲಿ ಎಲ್ಲಾ ನೀರೂ ಒಳ್ಳೇದೇ. ಎರಡು ಪಾತ್ರೆ ಸಾಕು.”

ಕೆಟಲಿನ ಸದ್ದು ನಿಂತಿದೆ. ನೀರು ಚೆಲ್ಲಿ ತೊಳೆದೆ, ತಳ ಕಾಣುತ್ತಿದೆ. ಮೇಜಿನ ಮೇಲೆ ಭಾಷಣದ ಹಾಳೆಯಿದೆ. ಹಳೆಯದನ್ನೆಲ್ಲ ಹೊಡೆದು ಹಾಕಿ ಹೊಸದಾಗಿ ಒಂದು ಸಾಲು ಬರೆದಿದ್ದೇನೆ: ನಮ್ಮ ಮನೆಯಲ್ಲಿ ಇದನ್ನು ಮೊದಲು ಕಂಡುಹಿಡಿದವರು ನಮ್ಮ ಚಿಕ್ಕಮ್ಮ, ಆಗ ಯಾರೂ ನಂಬಲಿಲ್ಲ. ಎರಡನೆಯ ಸಾಲಿನಲ್ಲಿ ಆ ಯಾರೂ ಅನ್ನುವವರಲ್ಲಿ ನಾನೂ ಇದ್ದೆ ಎಂದು ಬರೆಯಬೇಕು. ಮಕ್ಕಳೆದುರು, ಅವಳು ಪಕ್ಕದಲ್ಲಿ ಕೂತಿರುವಾಗ, ಅದನ್ನು ಓದಬೇಕು. ಪೆನ್ನು ತೆಗೆದುಕೊಂಡಿದ್ದೇನೆ.